ಬೆಟ್ಟವನ್ನುಂಡ ಊರು

ಒಲೆ, ಹಾಸಿಗೆ, ನೀರಿನ ತೊಟ್ಟಿ ಮೊದಲಾದ ಸಂಸಾರದ ಸಕಲ ಸಾಮಗ್ರಿಯನ್ನೂ ತುಂಬಿದ ಕ್ಯಾರವಾನನ್ನು ಕಾರಿನ ಹಿಂದೆ ಕಟ್ಟಿಕೊಂಡು ಆಸ್ಟ್ರೇಲಿಯದ ಒಳನಾಡಿನಲ್ಲಿ ತಿಂಗಳುಗಟ್ಟಲೆ ಸಂಚರಿಸುವ ನಿವೃತ್ತ ದಂಪತಿಗಳು, ನ್ಯೂ ಸೌತ್ ವೇಲ್ಸ್ ಸಂಸ್ಥಾನದ ಪಶ್ಚಿಮದಂಚಿನಲ್ಲಿರುವ ಬ್ರೋಕನ್ ಹಿಲ್ ಪಟ್ಟಣದಲ್ಲಿ ನಾಲ್ಕು ದಿನ ತಂಗದೆ ಮುಂದಕ್ಕೆ ಹೋಗುವುದು ಅಪರೂಪ. ಸಿಡ್ನಿಯಿಂದ ಸಾವಿರದ ನೂರಕ್ಕೂ ಹೆಚ್ಚು ಕಿಲೋಮೀಟರ್ ಕ್ರಮಿಸಿ ಬಂದವರು ಇಲ್ಲಿ ಮೊದಲು ಮಾಡಬೇಕಾದುದು ಗಡಿಯಾರವನ್ನು ಅರ್ಧ ಗಂಟೆ ಹಿಂದಕ್ಕೆ ತಿರುಗಿಸುವುದು. ಎರಡನೆಯದು ಹೆಸರಿನಲ್ಲಿರುವ ಬೆಟ್ಟವನ್ನು ಹುಡುಕುವ ಆಸೆಯನ್ನು ಬಿಡುವುದು. ಊರಿನ ನಡುವೆ ಕಪ್ಪಗೆ ಎದ್ದು ನಿಂತಿರುವ ದಿಬ್ಬವು ಬೆಟ್ಟವಲ್ಲ, ಬೆಟ್ಟವನ್ನು ತೋಡಿ ಹೊರಗೆಸೆದ ಕಲ್ಲಿನ ರಾಶಿ.

ಈ ನೆಲದಲ್ಲಿ ವಿಲ್ಯಾಕಲಿ ಜನರು ಅನಾದಿಯಿಂದ ವಾಸವಾಗಿದ್ದರು. 1844ರಲ್ಲಿ, ಖಂಡದ ಗರ್ಭದಲ್ಲಿ ಒಂದು ಸಮುದ್ರವೇ ಅಡಗಿರಬೇಕೆಂಬ ದೃಢವಿಶ್ವಾಸದಿಂದ ದೋಣಿಯೊಂದನ್ನು ಗಾಡಿಯ ಮೇಲೆ ಹೇರಿಕೊಂಡು ಈ ಬೆಂಗಾಡನ್ನು ಹೊಕ್ಕ ಚಾರ್ಲ್ಸ್ ಸ್ಟರ್ಟನೆಂಬ ಅನ್ವೇಷಕನು ಈ ಗುಡ್ಡಸಾಲನ್ನು ಕಂಡನು; ಅವನಿಗೆ ಸಮುದ್ರ ಸಿಕ್ಕಲಿಲ್ಲ, ಬೆಳ್ಳಿಯೂ ಕಾಣಿಸಲಿಲ್ಲ. ಮುಂದೆ ಆ ಬೆಟ್ಟದ ಮೇಲೆ ಕುರಿಗಳು ಮೇಯತೊಡಗಿದವು. 1883ರ ಸೆಪ್ಟೆಂಬರಿನಲ್ಲಿ, ಮೌಂಟ್ ಗಿಪ್ಸ್ ಎಂಬ ಕುರಿಸಾಕಣೆಯ ಎಸ್ಟೇಟಿನಲ್ಲಿ ಎಲ್ಲೆ ಕಾಯುವ ಸವಾರನಾಗಿದ್ದ ಚಾರ್ಲ್ಸ್ ರಾಸ್ಪ್ ಎಂಬ ಜರ್ಮನ್ ಮೂಲದವನು, ಬೆಟ್ಟದ ನೆತ್ತಿಯ ಕರಿಗಲ್ಲನ್ನು ತವರದ ಅದುರೆಂದು ಭಾವಿಸಿ, ಇಬ್ಬರು ಜೊತೆಗಾರರೊಡನೆ ಗೂಟ ನೆಟ್ಟನು. ಎಸ್ಟೇಟಿನ ಮೇಲ್ವಿಚಾರಕ ಜಾರ್ಜ್ ಮೆಕಲಕ್‌ನೂ ಇನ್ನು ಮೂವರೂ ಸೇರಿ ಏಳು ಜನರ ಕೂಟವಾಯಿತು. ಮೊದಲ ಪರೀಕ್ಷೆಗಳಲ್ಲಿ ತವರ ಕಾಣಲಿಲ್ಲ. ಸೀಸವೂ ಅತ್ಯಲ್ಪ ಬೆಳ್ಳಿಯೂ ಕಂಡವು. ನಿರಾಶರಾದ ಪಾಲುದಾರರಲ್ಲಿ ಕೆಲವರು ಪಾಲನ್ನು ಮಾರಿಕೊಂಡರು. ಮೆಕಲಕ್‌ನು ತನ್ನದೊಂದು ಪಾಲಿನ ಬೆಲೆಯನ್ನು ಕೊಳ್ಳುವವನೊಡನೆ ಇಸ್ಪೀಟಾಡಿ ನಿಶ್ಚಯಿಸಿದನೆಂಬ ಕತೆಯನ್ನು ಊರಿನವರು ಇಂದಿಗೂ ರಸವತ್ತಾಗಿ ಹೇಳುತ್ತಾರೆ. ಅನಂತರ ಶ್ರೀಮಂತವಾದ ಬೆಳ್ಳಿಯ ಅದುರು ಸಿಕ್ಕಿತು. 1885ರಲ್ಲಿ ಬ್ರೋಕನ್ ಹಿಲ್ ಪ್ರೊಪ್ರೈಟರಿ ಎಂಬ ಕಂಪನಿ ಹುಟ್ಟಿತು. ಬಿಎಚ್‌ಪಿ ಎಂಬ ಮೂರಕ್ಷರದಿಂದ ಜಗತ್ತಿನ ಷೇರುಪೇಟೆಗಳೆಲ್ಲ ಬಲ್ಲ ಸಂಸ್ಥೆ ಇದೇ. ಬೀದಿಗಳಿಗೆ ಆರ್ಜೆಂಟ್, ಆಕ್ಸೈಡ್, ಕ್ಲೋರೈಡ್, ಸಲ್ಫೈಡ್ ಎಂದು ನಾಮಕರಣವಾದುದನ್ನು ನೋಡಿದರೆ, ಊರಿನ ನಕ್ಷೆಯನ್ನು ಬರೆದವರ ಕೈಯಲ್ಲಿ ರಸಾಯನಶಾಸ್ತ್ರದ ಪಠ್ಯವಿತ್ತೆಂದು ತೋರುತ್ತದೆ.

ಗಡಿಯಾರದ ಕಾರಣಕ್ಕೆ ಬರುವುದಾದರೆ, ಅದು ಸರಕಾರದ ಔದಾಸೀನ್ಯದ ಫಲ. ಸಿಡ್ನಿಗೆ ದೂರವಾದ ಈ ಊರಿಗೆ ನೆರೆಯ ಸೌತ್ ಆಸ್ಟ್ರೇಲಿಯವೇ ಹತ್ತಿರ. ಆದರೆ ಅದರ ರೈಲು ಗಡಿಯನ್ನು ದಾಟಿ ಬರುವುದಕ್ಕೆ ನ್ಯೂ ಸೌತ್ ವೇಲ್ಸ್ ಸರಕಾರವು ಒಪ್ಪಲಿಲ್ಲ, ತಾನೂ ಹಳಿ ಹಾಕಲಿಲ್ಲ. ಕಡೆಗೆ 1888ರಲ್ಲಿ ಸಿಲ್ವರ್ಟನ್ ಟ್ರಾಮ್‌ವೇ ಎಂಬ ಖಾಸಗಿ ಕಂಪನಿಯು ಗಡಿಯಿಂದ ಗಣಿಯವರೆಗೆ ಸುಮಾರು ಐವತ್ತೇಳು ಕಿಲೋಮೀಟರ್ ಹಳಿಯನ್ನು ಹಾಕಿತು. ಅದುರು ಪೋರ್ಟ್ ಪೀರಿಯ ಬಂದರಿಗೆ ಹೋಯಿತು; ವ್ಯಾಪಾರ, ವೇಳೆ, ಮನಸ್ಸು ಎಲ್ಲವೂ ಅಡಿಲೇಡಿನ ಕಡೆಗೆ ತಿರುಗಿದವು. ಸಿಡ್ನಿಯ ರೈಲು ಬಂದುದು 1927ರಲ್ಲಿ. ಅಷ್ಟರಲ್ಲಿ ಊರಿನ ಅಭ್ಯಾಸ ಗಟ್ಟಿಯಾಗಿತ್ತು.

ರೈಲು ತಲುಪದ ದಿಕ್ಕುಗಳಿಗೆ ಸಾಮಾನನ್ನು ಒಯ್ದವರು ಒಂಟೆಯವರು. ಇವರೆಲ್ಲರನ್ನೂ ‘ಅಫಘಾನ’ರೆಂದೇ ಕರೆಯುತ್ತಿದ್ದರಾದರೂ ಬಲೂಚಿಸ್ತಾನ, ಪೇಶಾವರ, ಪಂಜಾಬು, ಸಿಂಧ್ ಮುಂತಾದ ಅಂದಿನ ಹಿಂದುಸ್ಥಾನದ ಪ್ರದೇಶಗಳವರೂ ಅವರಲ್ಲಿ ಬಹಳ ಮಂದಿಯಿದ್ದರು. ಊರಿನ ಉತ್ತರದಲ್ಲಿ, ಹಿಂದೆ ಒಂಟೆಗಳ ಬಿಡಾರವಿದ್ದ ಸ್ಥಳದಲ್ಲಿ, 1890ರ ಸುಮಾರಿಗೆ ಅವರು ಕಟ್ಟಿದ ಮಸೀದಿ ಇನ್ನೂ ಇದೆ. ಗುಮ್ಮಟವಿಲ್ಲ, ಮಿನಾರಿಲ್ಲ, ನಮ್ಮ ಕಡೆ ಕೊಟ್ಟಿಗೆಗೆ ಹೊದಿಸುವಂಥ ಜಿಂಕ್ ಶೀಟಿನ ಒಂದು ಪುಟ್ಟ ಕೋಣೆ. ನೆರಳಿಲ್ಲದ ಆ ಬಯಲಿನಲ್ಲಿ ಬೇಸಗೆಯ ಮಧ್ಯಾಹ್ನ ಆ ತಗಡು ಹೇಗೆ ಕಾದಿರಬೇಕೆಂಬುದನ್ನು ಊಹಿಸಿಕೊಳ್ಳಬೇಕು. ಒಂಟೆಯವರಿಗೆ ಹೆಂಡಿರನ್ನು ಕರೆತರುವ ಅವಕಾಶವೂ ನಾಗರಿಕ ಹಕ್ಕೂ ಬಹುಮಟ್ಟಿಗೆ ಇರಲಿಲ್ಲ; 1901ರ ವಲಸೆನಿರ್ಬಂಧದ ಶಾಸನವು ಬಾಗಿಲನ್ನು ಮತ್ತಷ್ಟು ಬಿಗಿಯಾಗಿ ಮುಚ್ಚಿತು. ಮೋಟಾರು ಲಾರಿ ಬಂದ ಮೇಲೆ ಅವರ ಕಸುಬು ಅಳಿಯಿತು, ಒಂಟೆಗಳನ್ನು ಮರುಭೂಮಿಗೆ ಬಿಟ್ಟರು. ಇಂದು ಆ ಮಸೀದಿಯು ವಸ್ತುಸಂಗ್ರಹಾಲಯವಾಗಿದೆ. ಗಣಿಯ ಯಂತ್ರಗಳನ್ನು ಬೆರಗಿನಿಂದ ನೋಡುವ ಪ್ರವಾಸಿಗರು ಇಲ್ಲಿಗೂ ಅರ್ಧ ಗಂಟೆಯನ್ನು ಕೊಡಬೇಕೆಂಬುದು ನನ್ನ ಅಭಿಪ್ರಾಯ.

ಯಂತ್ರಗಳ ಮಾತು ಬಂದಿತು. ಮೊದಮೊದಲು ಬೆಳ್ಳಿಯನ್ನೂ ಸೀಸವನ್ನೂ ತೆಗೆದುಕೊಂಡು, ಬೇರ್ಪಡಿಸಲಾಗದ ಸತುವು ತುಂಬಿದ ಮರಳನ್ನು ಬೆಟ್ಟಬೆಟ್ಟವಾಗಿ ಸುರಿಯುತ್ತಿದ್ದರು. 1902ರ ಸುಮಾರಿಗೆ ಬಿಎಚ್‌ಪಿಯ ಡೆಲ್‌ಪ್ರಾಟ್ ಎಂಬ ಡಚ್ ಮೂಲದ ಎಂಜಿನಿಯರನೂ, ಪಾಟರ್ ಎಂಬ ಮೆಲ್ಬರ್ನಿನ ಬಿಯರ್ ತಯಾರಕನೂ ಬೇರೆ ಬೇರೆಯಾಗಿ ಒಂದು ಉಪಾಯವನ್ನು ಕಂಡರು: ನುಣ್ಣಗೆ ಅರೆದ ಮರಳನ್ನು ಆಮ್ಲ ಬೆರೆಸಿದ ಬಿಸಿ ದ್ರಾವಣಕ್ಕೆ ಹಾಕಿದರೆ ಏಳುವ ಗುಳ್ಳೆಗಳಿಗೆ ಲೋಹದ ಅದುರಿನ ಕಣಗಳು ಅಂಟಿಕೊಂಡು ಮೇಲಕ್ಕೆ ತೇಲುತ್ತವೆ, ಬರಿಯ ಕಲ್ಲು ತಳದಲ್ಲಿ ನಿಲ್ಲುತ್ತದೆ. ಆಲೆಮನೆಯ ಕೊಪ್ಪರಿಗೆಯಲ್ಲಿ ನೊರೆಯೆಂದರೆ ತೆಗೆದು ಚೆಲ್ಲುವ ಕೊಳೆ; ಇಲ್ಲಿ ನೊರೆಯೇ ಸಂಪತ್ತು. ಅಂದಿನವರೆಗೆ ಹಾಳೆಂದು ಬಿದ್ದಿದ್ದ ರಾಶಿಗಳಿಗೆ ಬೆಲೆ ಬಂದಿತು. ಮುಂದೆ ಎಣ್ಣೆಯ ಪ್ರಯೋಗದಿಂದ ಪಕ್ವವಾದ ಈ ವಿಧಾನವು ಲೋಕದ ಗಣಿಗಳಿಗೆಲ್ಲ ಹರಡಿತು.

ಆದರೆ ಅದುರಿನ ಧೂಳು ಗಣಿಗಾರನ ಶ್ವಾಸಕೋಶದಿಂದ ಹಾಗೆ ಸುಲಭವಾಗಿ ತೇಲಿ ಬರಲಿಲ್ಲ. ಇಲ್ಲಿಯಂತೆಯೇ ನಮ್ಮ ಕೋಲಾರದ ಚಿನ್ನದ ಗಣಿಯಲ್ಲಿಯೂ, ಅದೇ ದಶಕಗಳಲ್ಲಿ, ಇಂಗ್ಲೆಂಡಿನ ಕಾರ್ನ್‌ವಾಲಿನ ಗಣಿಗಾರರು ಇಳಿದಿದ್ದರು. ಧೂಳಿನಿಂದ ಬರುವ ಎದೆಬೇನೆಯ ಪರಿಚಯ ಅಲ್ಲಿಯವರಿಗೂ ಉಂಟು. ಬ್ರೋಕನ್ ಹಿಲ್ಲಿನವರು 1892ರಲ್ಲಿ ಮುಷ್ಕರ ಹೂಡಿ ಸೋತರು, ನಾಯಕರು ಸೆರೆಮನೆಗೆ ಹೋದರು. 1919ರಲ್ಲಿ ಮತ್ತೆ ಹೂಡಿದ ಮುಷ್ಕರವು ಹದಿನೆಂಟು ತಿಂಗಳು ನಡೆಯಿತು. ವೈದ್ಯರು ಗಣಿಗಾರರನ್ನು ಪರೀಕ್ಷಿಸಿ ಧೂಳಿನ ರೋಗವನ್ನೂ ಸೀಸದ ವಿಷವನ್ನೂ ದಾಖಲಿಸಿದ ಮೇಲೆ, ರೋಗಿಗಳಿಗೆ ಪರಿಹಾರವೂ ನೆಲದೊಳಗೆ ದುಡಿಯುವವರಿಗೆ ವಾರಕ್ಕೆ 35 ಗಂಟೆಯ ಕೆಲಸವೂ ದೊರಕಿದವು. ಆ ಕಾಲಕ್ಕೆ ಇದು ಅಸಾಧಾರಣವಾದ ಜಯ. ಹಾಗೆಂದು ಜಯಶಾಲಿಗಳು ಸರ್ವಥಾ ಉದಾರಿಗಳಾಗಿರಲಿಲ್ಲ: ಮದುವೆಯಾದ ಹೆಂಗಸರು ಸಂಬಳದ ಕೆಲಸಕ್ಕೆ ಬರಕೂಡದೆಂದು ಇದೇ ಕಾರ್ಮಿಕರ ಸಂಘಗಳ ಒಕ್ಕೂಟವು ವಿಧಿಸಿದ ಕಟ್ಟು, ಕೆಲವು ವಿನಾಯಿತಿಗಳೊಡನೆ, 1981ರವರೆಗೂ ನಡೆದು ಬಂದಿತು.

ನನ್ನ ದೃಷ್ಟಿಯಲ್ಲಿ ಈ ಊರಿನ ಅತ್ಯಂತ ಪ್ರೇಕ್ಷಣೀಯವಾದ ವಸ್ತುವು ಪ್ರವಾಸಿಗರ ಕ್ಯಾಮೆರಾಕ್ಕೆ ಬೀಳದ ಒಂದು ಬೇಲಿ. ಕುಲುಮೆಗೂ ಸುರಂಗದ ಆಸರೆಗೂ ಸುತ್ತಲಿನ ಮರಗಳನ್ನೆಲ್ಲ ಕಡಿದರು. ಉಳಿದ ಚಿಗುರನ್ನು ಆಡು, ಕುರಿ, ಮೊಲಗಳು ತಿಂದವು. ಮರಳು ಎದ್ದು ಮನೆಗಳ ಗೋಡೆಗೆ ಒರಗಿತು. ಸೆಂಟ್ರಲ್ ಗಣಿಯಲ್ಲಿ ಲೋಹಪರೀಕ್ಷಕನಾಗಿದ್ದ ಆಲ್ಬರ್ಟ್ ಮಾರಿಸ್ ಎಂಬವನು ಹೆಂಡತಿ ಮಾರ್ಗರೆಟ್‌ಳೊಡನೆ ವರ್ಷಾನುವರ್ಷ ಈ ಸೀಮೆಯ ಗಿಡಗಳನ್ನು ಅಭ್ಯಾಸ ಮಾಡಿ, ಹೊರಗಿನ ಸಸಿಗಳನ್ನು ತಂದು ನೆಡುವುದಕ್ಕಿಂತ ಪ್ರಾಣಿಗಳ ಬಾಯಿಯನ್ನು ತಡೆಯುವುದೇ ಮುಖ್ಯವೆಂದು ವಾದಿಸಿದನು. 1936ರಲ್ಲಿ ಜಿಂಕ್ ಕಾರ್ಪೊರೇಶನ್ ಎಂಬ ಗಣಿ ಕಂಪನಿಯು ಅವನ ಮಾತನ್ನು ಕೇಳಿ ಮೊಲ ನುಸುಳದಂಥ ಬೇಲಿಯನ್ನು ಹಾಕಿಸಿತು. ಮಳೆ ಬಿದ್ದಾಗ ಮರಳಿನಲ್ಲಿ ಹುದುಗಿದ್ದ ಬೀಜಗಳು ತಾವಾಗಿಯೇ ಮೊಳೆತವು. ಸಾಲ್ಟ್‌ಬುಷ್ ಎಂಬ ಬೂದುಬಣ್ಣದ ಪೊದೆ ಹಬ್ಬಿತು, ಮರಳು ನಿಂತಿತು. ಮಾರಿಸ್ 1939ರಲ್ಲಿ ತೀರಿಕೊಂಡನು. ಅದೇ ವರ್ಷ ಬಿಎಚ್‌ಪಿಯು ಇಲ್ಲಿನ ಗಣಿಯನ್ನು ಮುಚ್ಚಿ, ತನ್ನ ಹೆಸರಿನಲ್ಲಿ ಮಾತ್ರ ಊರನ್ನು ಉಳಿಸಿಕೊಂಡು ಹೊರಟುಹೋಯಿತು. ಬೇಲಿಯನ್ನು ಅನಂತರದವರು ವಿಸ್ತರಿಸುತ್ತ ಹೋಗಿ ಊರನ್ನು ಬಳಸಿಬಂದರು, ಮತ್ತು 2015ರಲ್ಲಿ ಬ್ರೋಕನ್ ಹಿಲ್ ಆಸ್ಟ್ರೇಲಿಯದ ರಾಷ್ಟ್ರೀಯ ಪರಂಪರೆಯ ಪಟ್ಟಿಗೆ ಸೇರಿದ ಮೊದಲ ನಗರವಾಯಿತು.