ಸುಟ್ಟ ಗುಡ್ಡ ಹಸಿರಾಗುವ ಬಗೆ

ಮಸ್ಕಿಯಲ್ಲಿ 1915ರಲ್ಲಿ ಸಿಕ್ಕ ಬಂಡೆಶಾಸನದಲ್ಲಿ ‘ದೇವಾನಾಂಪ್ರಿಯ’ ಎಂಬ ಬಿರುದಿನ ಜೊತೆಗೇ ಅಶೋಕನ ಹೆಸರಿದೆ. ಕಾರಣವಿಲ್ಲದೆ ಕಾಡು ಸುಡಬಾರದೆಂದು ಅದೇ ಅರಸ ತನ್ನ ಐದನೆಯ ಸ್ತಂಭಶಾಸನದಲ್ಲಿ ಕಟ್ಟಪ್ಪಣೆ ಮಾಡಿದ್ದಾನೆ.

ಲಿಂಗಸುಗೂರು, ಮಸ್ಕಿಯ ಕಲ್ಲುಗುಡ್ಡಗಳಲ್ಲಿ ಬೇಸಿಗೆಯ ಒಣಹುಲ್ಲಿಗೆ ಒಂದು ಕಿಡಿ ಸಾಕು. ಮೇಲೆ ಹುಲ್ಲು ಉರಿದರೂ ನಾಲ್ಕು ಬೆರಳು ಕೆಳಗಿನ ಮಣ್ಣು ಅಷ್ಟಾಗಿ ಕಾಯುವುದಿಲ್ಲ, ಬೇರು ಉಳಿಯುತ್ತದೆ. ಮೊದಲ ಮಳೆಗೆ ಹುಲ್ಲು ಚಿಗುರುತ್ತದೆ, ಸೀತಾಫಲ ಬುಡದಿಂದ ಹೊಸ ಕವಲೊಡೆಯುತ್ತದೆ. ತಂಗಡಿಯಂಥ ಗಿಡಗಳ ಗಟ್ಟಿ ಸಿಪ್ಪೆಯ ಬೀಜ ಕಾವಿಗೆ ಬಿರಿದು, ನೀರು ಹೀರಿ ಮೊಳೆಯುತ್ತದೆ.

ವರ್ಷ ವರ್ಷವೂ ಬೆಂಕಿ ಬಿದ್ದರೆ ಮಾತ್ರ ಎಳೆ ಸಸಿಗೆ ಮರವಾಗಲು ಪುರಸೊತ್ತೇ ಸಿಗದು.

ಸಿಂಧನೂರಿನ ಗದ್ದೆಗಳಿಗೆ ತುಂಗಭದ್ರಾ ಎಡದಂಡೆ ಕಾಲುವೆಯ ನೀರಿದೆ; ಈ ಗುಡ್ಡಗಳಿಗೆ ಮಳೆಯೊಂದೇ ಗತಿ. ಬೋಳಾದ ಇಳಿಜಾರಿನ ತೆಳು ಮಣ್ಣನ್ನು ಅದೇ ಮಳೆ ಕೊಚ್ಚಿ ಒಯ್ಯುತ್ತದೆ. ಹಾಗಾಗಿ ಚಿಗುರು ಉಳಿಯಲು ಸುಟ್ಟ ಜಾಗಕ್ಕೆ ಒಂದೆರಡು ಮಳೆಗಾಲ ಕುರಿ, ಆಡು ಬಿಡದಿರುವುದು ಹೊಸ ಗಿಡ ನೆಡುವುದಕ್ಕಿಂತ ಮುಖ್ಯ.