ಸ್ವಾಪ್ ಸ್ಥಳ

ಯೂನಿಕ್ಸ್ ಗಣಕಗಳಲ್ಲಿ ಮುಖ್ಯ ಮೆಮೊರಿ ಸಾಲದಾದಾಗ ಅದರಲ್ಲಿನ ದತ್ತಾಂಶವನ್ನು ತಾತ್ಕಾಲಿಕವಾಗಿ ಇರಿಸಲು ಡಿಸ್ಕಿನಲ್ಲಿ ಮೀಸಲಿಟ್ಟ ಜಾಗ. ಇದು ಪ್ರತ್ಯೇಕ ಪಾರ್ಟಿಷನ್ ಅಥವಾ ಕಡತದ ರೂಪದಲ್ಲಿರುತ್ತದೆ. ಪಿಡಿಪಿ-11 ಗಣಕದ ಆರಂಭಿಕ ಯೂನಿಕ್ಸ್ ಇಡೀ ಪ್ರೋಸೆಸ್ಸನ್ನೇ ಡಿಸ್ಕಿಗೆ ಸಾಗಿಸುತ್ತಿತ್ತು; 1979ರಲ್ಲಿ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯವು ವ್ಯಾಕ್ಸ್ ಗಣಕಕ್ಕಾಗಿ ಹೊರತಂದ 3ಬಿಎಸ್‌ಡಿ, ಪ್ರೋಗ್ರಾಂನ ಸಮಾನ ಗಾತ್ರದ ತುಣುಕುಗಳಾದ ಪುಟಗಳಲ್ಲಿ ಅಗತ್ಯ ಬಿದ್ದವನ್ನಷ್ಟೇ ಮೆಮೊರಿಗೆ ತರುವ ಡಿಮ್ಯಾಂಡ್ ಪೇಜಿಂಗ್ ವಿಧಾನವನ್ನು ಅಳವಡಿಸಿತು. ಈ ವಿಧಾನದಲ್ಲಿ ಯೂನಿಕ್ಸ್‌ನ ತಿರುಳಾದ ಕರ್ನೆಲ್ ಇತ್ತೀಚೆಗೆ ಬಳಕೆಯಾಗದ ಪುಟಗಳನ್ನು ಆರಿಸಿ ಸ್ವಾಪ್‌ಗೆ ಬರೆಯುತ್ತದೆ. ಪ್ರೋಗ್ರಾಂ ಅವನ್ನು ಬಳಸಹೊರಟಾಗ ಪೇಜ್ ಫಾಲ್ಟ್ ಉಂಟಾಗಿ ಪುಟ ಮೆಮೊರಿಗೆ ಮರಳುತ್ತದೆ. ಮೂಲ ಕಡತದಿಂದಲೇ ಮತ್ತೆ ಓದಬಹುದಾದ, ಬದಲಾಗದ ಪುಟಗಳನ್ನು ಸ್ವಾಪ್‌ಗೆ ಬರೆಯಬೇಕಿಲ್ಲ. ಡಿಸ್ಕ್ ಮೆಮೊರಿಗಿಂತ ಬಹಳ ನಿಧಾನವಾದ್ದರಿಂದ ಪುಟಗಳ ಓಡಾಟ ಮಿತಿಮೀರಿದರೆ ಗಣಕದ ಕೆಲಸ ಬಹುತೇಕ ಸ್ಥಗಿತಗೊಳ್ಳುತ್ತದೆ. ಈ ಸ್ಥಿತಿಗೆ ಥ್ರ್ಯಾಶಿಂಗ್ ಎಂದು ಹೆಸರು. ‘ವಿಎಂಸ್ಟ್ಯಾಟ್’ ಆದೇಶ ಈ ಓಡಾಟದ ಪ್ರಮಾಣವನ್ನು ತೋರಿಸುತ್ತದೆ. ಸೀಮಿತ ಮೆಮೊರಿಯ ವರ್ಕ್‌ಸ್ಟೇಷನ್‌ಗಳಲ್ಲಿ ದೊಡ್ಡ ಪ್ರೋಗ್ರಾಂಗಳನ್ನು ಏಕಕಾಲಕ್ಕೆ ನಡೆಸಲು ಸ್ವಾಪ್ ನೆರವಾಯಿತು.