ಹೆಬ್ಬಾಳ ಮತ್ತು ಪರದೇಶಿ ಪೀಡೆಗಳ ಜೈವಿಕ ಹತೋಟಿ: ಇತಿಹಾಸ

ಹೊರದೇಶದಿಂದ ಬಂದು ಬೆಳೆಗೆ ಅಂಟಿದ ಕೀಟವನ್ನು ಅದರ ತವರಿನ ಶತ್ರುವನ್ನೇ ತಂದು ಹದ್ದುಬಸ್ತಿಗೆ ತರುವ ವಿದ್ಯೆಗೆ ಭಾರತದಲ್ಲಿ ಮುಖ್ಯ ನೆಲೆ ಬೆಂಗಳೂರು. ಹೊರಗಿನಿಂದ ಬಂದ ಪೀಡೆಯನ್ನು ಬೇರುಸಹಿತ ಕಿತ್ತ ನಿದರ್ಶನವೂ ಉಂಟು: ದಕ್ಷಿಣ ಜಾರ್ಜಿಯಾ ದ್ವೀಪದಲ್ಲಿ ವಿಷ ಹಾಕಿ ಇಲಿಗಳನ್ನು ಪೂರ್ತಿ ಅಳಿಸಲಾಯಿತು. 2018ರಲ್ಲಿ ಅದು ಇಲಿಮುಕ್ತವೆಂದು ಘೋಷಣೆಯೂ ಆಯಿತು. ಸುತ್ತ ಕಡಲಿದ್ದದ್ದರಿಂದ ಅದು ಸಾಧ್ಯವಾಯಿತು. ಗಾಳಿಯಲ್ಲಿ ತೋಟದಿಂದ ತೋಟಕ್ಕೆ ಹೋಗುವ ಹುಳುವಿಗೆ ಅಂಥ ಗಡಿಯಿಲ್ಲ. ಹಾಗಾಗಿ ಇಲ್ಲಿ ಗುರಿ ನಿರ್ಮೂಲನವಲ್ಲ, ಹತೋಟಿ.

ಕಾಮನ್‌ವೆಲ್ತ್ ಜೈವಿಕ ನಿಯಂತ್ರಣ ಸಂಸ್ಥೆಯ ಭಾರತೀಯ ಕೇಂದ್ರ 1957ರಲ್ಲಿ ಬೆಂಗಳೂರಿನಲ್ಲಿ ಶುರುವಾಯಿತು. ಅದರ ಮುಂದುವರಿಕೆಯಾಗಿ 1993ರಲ್ಲಿ ಜೈವಿಕ ನಿಯಂತ್ರಣ ಯೋಜನಾ ನಿರ್ದೇಶನಾಲಯ ರೂಪುಗೊಂಡಿತು. ಹೆಸರು ಎರಡು ಸಲ ಬದಲಾಗಿ, ಹೆಬ್ಬಾಳದ ಬಳ್ಳಾರಿ ರಸ್ತೆಯಲ್ಲಿರುವ ಈ ಸಂಸ್ಥೆ ಈಗ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೋ.

ಈ ಸಂಸ್ಥೆಯ ದೊಡ್ಡ ಗೆಲುವು ಪಪ್ಪಾಯಿ ಹಿಟ್ಟು ತಿಗಣೆಯ ಮೇಲಿನದು. ಮೆಕ್ಸಿಕೊ ಮೂಲದ ಈ ತಿಗಣೆ 2008ರಲ್ಲಿ ಕೊಯಮತ್ತೂರಿನಲ್ಲಿ ಕಂಡಿತು. ಪಪ್ಪಾಯಿ, ದಾಸವಾಳ, ಹಿಪ್ಪುನೇರಳೆಗೆ ಹಬ್ಬಿತು. ಮೈಮೇಲಿನ ಬಿಳಿ ಮೇಣ ಔಷಧಿಯನ್ನು ಒಳಗೆ ಬಿಡದು. ಹಿಪ್ಪುನೇರಳೆಗಂತೂ ಹೊಡೆಯುವುದೇ ಕಷ್ಟ, ಆ ಸೊಪ್ಪು ತಿಂದ ರೇಷ್ಮೆ ಹುಳು ಸತ್ತರೆ ಬೆಳೆ ಉಳಿದೂ ಫಲವಿಲ್ಲ. 2010ರಲ್ಲಿ ಪೋರ್ಟೊ ರಿಕೊದಿಂದ ಮೂರು ಬಗೆಯ ಕಣಜಗಳು ಬಂದವು. ಅವುಗಳಲ್ಲಿ ಚೆನ್ನಾಗಿ ನೆಲೆಯೂರಿದ್ದು ಅಸೆರೊಫೇಗಸ್ ಪಪಾಯೆ. ಮೊಳಕೆ ಬಂದ ಆಲೂಗಡ್ಡೆಯ ಮೇಲೆ ತಿಗಣೆ ಸಾಕಿ, ಅದರಲ್ಲಿ ಕಣಜ ಬೆಳೆಸಿ ರೈತರಿಗೆ ಹಂಚಿದರು. ಸಾಸಿವೆ ಕಾಳಿಗಿಂತ ಚಿಕ್ಕದಾದ ಈ ಕಣಜ ತಿಗಣೆಯೊಳಗೆ ಮೊಟ್ಟೆಯಿಡುತ್ತದೆ. ಮರಿ ಒಳಗಿನಿಂದಲೇ ತಿಂದು ಬೆಳೆಯುತ್ತದೆ; ತಿಗಣೆ ಕಂದುಬಣ್ಣಕ್ಕೆ ತಿರುಗಿ ಗಟ್ಟಿಯಾದ ಮೇಲೆ ಕಣಜ ದುಂಡನೆ ತೂತು ಕೊರೆದು ಹೊರಬರುತ್ತದೆ. ತಿಗಣೆ ಇಂದಿಗೂ ಅಲ್ಲಲ್ಲಿ ಇದೆ, ಆದರೆ ಆ ಅಟ್ಟಹಾಸವಿಲ್ಲ.

ಹೊರಗಿನ ಜೀವಿಯನ್ನು ತರುವುದು ಅಪಾಯದ ಆಟವೂ ಹೌದು. ಇಲಿ ಹಿಡಿಯಲೆಂದು 1872ರಲ್ಲಿ ಕಲ್ಕತ್ತೆಯಿಂದ ಜಮೈಕಾಕ್ಕೆ ಒಯ್ದ ನಮ್ಮ ಮುಂಗುಸಿ ಅಲ್ಲಿನ ನಾಡಜೀವಿಗಳನ್ನೇ ತಿನ್ನತೊಡಗಿತು. ದ್ವೀಪಗಳಿಂದ ಕೀಳಬೇಕಾದ ಪ್ರಾಣಿಗಳ ಪಟ್ಟಿಯಲ್ಲಿ ಇಂದು ಅದೂ ಇದೆ! ಅದಕ್ಕೇ ಬಂದ ಕಣಜವನ್ನು ಮೊದಲು ಕ್ವಾರಂಟೈನ್‌ನಲ್ಲಿಟ್ಟು, ಬೇರೆ ಕೀಟಗಳ ತಂಟೆಗೆ ಹೋಗುತ್ತದೆಯೇ ಎಂದು ಪರೀಕ್ಷಿಸುತ್ತಾರೆ.

2020ರಲ್ಲಿ ಕೇರಳದ ಮರಗೆಣಸಿನಲ್ಲಿ ಇನ್ನೊಂದು ಹಿಟ್ಟು ತಿಗಣೆ ಸಿಕ್ಕಿತು. ಆಫ್ರಿಕಾದಲ್ಲಿ 1980ರ ದಶಕದಲ್ಲಿ ಅದನ್ನು ಹಣಿದಿದ್ದ ಅನಾಗೈರಸ್ ಲೊಪೆಜಿ ಕಣಜವನ್ನು ಬೆನಿನ್ ದೇಶದಿಂದ ತರಿಸಿ, 2022ರಲ್ಲಿ ತಮಿಳುನಾಡಿನ ಸೇಲಂ ಸೀಮೆಯ ಹೊಲಗಳಿಗೆ ಬಿಡಲಾಯಿತು. 2016ರಿಂದ ತೆಂಗನ್ನು ಕಾಡುತ್ತಿರುವ ಸುರುಳಿ ಬಿಳಿನೊಣಕ್ಕೆ ಮಾತ್ರ ಏನನ್ನೂ ತರಿಸಬೇಕಾಗಲಿಲ್ಲ. ಅದನ್ನು ಹತೋಟಿಯಲ್ಲಿಡುವ ಎನ್ಕಾರ್ಸಿಯಾ ಕಣಜ ಆಗಲೇ ಇಲ್ಲಿತ್ತು. ರೈತರಿಗೆ ಬ್ಯೂರೋ ಕೊಡುವ ಸಲಹೆ, ಕೀಟನಾಶಕ ಹೊಡೆದು ಈ ಕಣಜವನ್ನು ಕೊಲ್ಲಬೇಡಿ ಎಂಬುದು.